ಒಂದು ಹಿಡಿ ಪುಡಿ ಉಪ್ಪು

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಆನವಟ್ಟಿಯ ಒಂದು ಕಲ್ಯಾಣ ಮಂಟಪದಲ್ಲಿ ಮಹಿಳೆಯರ ಅಡುಗೆ ಸ್ಪರ್ಧೆ ನಡೆಯಿತು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಹೆಂಗಸರು ಬಂದಿದ್ದರು. ಅವರಿಗೆ ಅದು ಸ್ಪರ್ಧೆ. ನನಗೆ ಪರೀಕ್ಷೆ.

ನಾನು ಬಳ್ಳಿಗಾವಿ ಹತ್ತಿರದ ಹಳ್ಳಿಯವಳು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ಓದಿದ್ದು ಹೋಟೆಲ್ ಮ್ಯಾನೇಜ್‌ಮೆಂಟ್. "ಅಡಿಗಿ ಕಲಿಯಾಕ ಕಾಲೇಜಿಗೆ ಹೋಗ್ಬೇಕೇನೇ, ಮನ್ಯಾಗ ನಿಮ್ಮವ್ವ ಇಲ್ಲೇನು?" ಎಂದು ನಕ್ಕವರು ನಮ್ಮ ಓಣಿಯಲ್ಲಿ ಬಹಳ ಮಂದಿ. ನಗಲಿ ಎಂದು ಬಿಟ್ಟು ಓದಿದೆ. ಬೆಳಿಗ್ಗೆ ಕಾಲೇಜು, ಸಂಜೆ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಈಗ ಶಿವಮೊಗ್ಗದ ಕಾಲೇಜೊಂದರಲ್ಲಿ ಅದೇ ವಿಷಯ ಕಲಿಸುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಷ್ಟಕ್ಕೇ ಸುಮ್ಮನಾಗದೆ ಅಡುಗೆ ಸ್ಪರ್ಧೆಗಳ ಪ್ರಮಾಣಿತ ತೀರ್ಪುಗಾರ್ತಿಯಾಗಬೇಕೆಂದು ಹೊರಟೆ. ಉಂಡು ಚೆನ್ನಾಗಿದೆ ಎನ್ನುವುದಕ್ಕೂ ಸರ್ಟಿಫಿಕೇಟ್ ಬೇಕೇ ಎಂದು ನೀವೂ ಕೇಳಬಹುದು. ಬೇಕು. ಅದಕ್ಕೆ ತರಬೇತಿ ಇದೆ, ಬರಹದ ಪರೀಕ್ಷೆ ಇದೆ. ಕೊನೆಗೆ ಹಿರಿಯ ತೀರ್ಪುಗಾರರ ಪಕ್ಕದಲ್ಲಿ ನಿಂತು ನಿಜವಾದ ಸ್ಪರ್ಧೆಯಲ್ಲಿ ಅಂಕ ಹಾಕಿ ತೋರಿಸಬೇಕು. ನಮ್ಮ ಅಂಕ ಅವರ ಅಂಕದಿಂದ ಬಹಳ ದೂರ ಹೋಗುವಂತಿಲ್ಲ. ಹೋದರೆ ಕಾರಣ ಬರೆಯಬೇಕು, ಆ ಕಾರಣವನ್ನು ಅವರು ಒಪ್ಪಬೇಕು. ಒಪ್ಪದಿದ್ದರೆ ಮತ್ತೆ ತರಬೇತಿಯಿಂದಲೇ ಶುರು. ಇನ್ನು ಸ್ಪರ್ಧೆ ನಡೆಯುವಾಗ ಅಡುಗೆಯ ಬಗ್ಗೆ ಯಾರಿಗಾದರೂ ಒಂದು ಮಾತು ಹೇಳಿದೆವೋ, ಅಲ್ಲಿಗೇ ಮುಗಿಯಿತು.

ಪಾಸಾದರೆ ಹೆಸರಿನ ಜೊತೆ 'ಪ್ರಮಾಣಿತ ತೀರ್ಪುಗಾರರು' ಎಂದು ಹಾಕಿಕೊಳ್ಳಬಹುದು. ಆ ಆಸೆ ನನಗೆ ಬಹಳ ಇತ್ತು.

ಅವತ್ತು ನನ್ನನ್ನು ಪರೀಕ್ಷಿಸಲು ಬಂದವರು ನಮಗೆ ತರಬೇತಿ ಕೊಟ್ಟಿದ್ದ ಶ್ರೀಧರ ಸರ್. ದೊಡ್ಡ ಹೋಟೆಲುಗಳ ಅಡುಗೆಮನೆಯಲ್ಲಿ ತಲೆ ಬೆಳ್ಳಗಾದವರು. ಬಿಳಿ ಕೋಟು, ಕೈಯಲ್ಲಿ ಪೆನ್ನು, ಮಾತು ಕಡಿಮೆ. "ಕಣ್ಣು ತೆರೆದಿರಲಿ, ಬಾಯಿ ಮುಚ್ಚಿರಲಿ" ಎಂದಷ್ಟೇ ಹೇಳಿ ಒಳಗೆ ನಡೆದರು.

ಮಸಾಲೆ, ತರಕಾರಿ ಸ್ಪರ್ಧಿಗಳೇ ತಂದಿದ್ದರು. ಗ್ಯಾಸ್, ಎಣ್ಣೆ, ಉಪ್ಪು ಸಂಘಟಕರದ್ದು. ನಾವಿಬ್ಬರೂ ಮೇಜಿನಿಂದ ಮೇಜಿಗೆ ಹೋಗಿ ಕೆಲಸದ ರೀತಿ ನೋಡಿ ಅಂಕ ಹಾಕುತ್ತಿದ್ದೆವು. ಕೈ ತೊಳೆದರೇ, ತಲೆಗೆ ಬಟ್ಟೆ ಕಟ್ಟಿದ್ದಾರೆಯೇ, ಅಡುಗೆಯ ರುಚಿಯನ್ನು ಬೇರೆ ಚಮಚದಲ್ಲಿ ಶುಚಿಯಾಗಿ ನೋಡಿದರೇ ಎಂದೆಲ್ಲ ಅಂಕಪಟ್ಟಿಯಲ್ಲಿ ಖಾನೆಗಳಿದ್ದವು.

ಕಿಟಕಿ ಪಕ್ಕದ ಮೇಜಿನಲ್ಲಿ ಶಿರಾಳಕೊಪ್ಪ ಕಡೆಯ ಬಸಮ್ಮ ಎಂಬುವವರು ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದರು. ನಮ್ಮವ್ವನ ವಯಸ್ಸು, ಹಣೆಯಲ್ಲಿ ವಿಭೂತಿ. ಒಂದು ಬದನೆಕಾಯಿಯೂ ಒಡೆಯದಂತೆ ಮಸಾಲೆ ತುಂಬಿದ್ದರು. ಎಣ್ಣೆ ಬಿಡುವ ತನಕ ಉರಿ ಮುಟ್ಟಲಿಲ್ಲ. ಆ ಸುವಾಸನೆಗೆ ಶ್ರೀಧರ ಸರ್ ಕೂಡ ಎರಡನೆಯ ಸಲ ಆ ಕಡೆ ಬಂದರು. ಗೆಲ್ಲುವವರು ಇವರೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಆಮೇಲೆ ಅವರು ಉಪ್ಪಿನ ಡಬ್ಬಿಗೆ ಕೈ ಹಾಕಿದರು. ಕಣ್ಣು ಪಾತ್ರೆಯ ಮೇಲೆಯೇ ಇತ್ತು. ಒಂದು ಹಿಡಿ ತೆಗೆದು, ಸುತ್ತ ಹರಡುವಂತೆ ಉದುರಿಸಿದರು.

ನಮ್ಮ ಕಡೆ ಮನೆಗಳಲ್ಲಿ ಹರಳುಪ್ಪು. ಅಳತೆ ಹಿಡಿಯ ಲೆಕ್ಕದಲ್ಲಿ. ಇಲ್ಲಿ ಡಬ್ಬಿಯಲ್ಲಿದ್ದದ್ದು ಪ್ಯಾಕೆಟ್ಟಿನ ನುಣ್ಣನೆಯ ಪುಡಿ ಉಪ್ಪು. ಪುಡಿ ಒತ್ತಾಗಿ ಕೂರುತ್ತದೆ, ಅದೇ ಹಿಡಿಗೆ ಹೆಚ್ಚು ಉಪ್ಪು ಬೀಳುತ್ತದೆ. ಪಕ್ಕದ ಮೇಜಿನ ಸೊರಬದ ಹೆಂಗಸು ಆಗಲೇ ತನ್ನ ಸಾರನ್ನು ಚಮಚದಲ್ಲಿ ನೆಕ್ಕಿ, "ಅಯ್ಯ, ಈ ಉಪ್ಪು ಜೋರಿದ್ಯಲ್ಲೇ" ಎಂದು ಗೆಳತಿಗೆ ಹೇಳಿ ಹುಣಸೆ ನೀರು ಸುರಿದುಕೊಂಡಿದ್ದಳು. ಬಸಮ್ಮ ಹಾಗೆ ರುಚಿ ನೋಡುವವರಲ್ಲ ಎಂದು ಹಣೆಯ ವಿಭೂತಿ ಕಂಡಾಗಲೇ ನನಗೆ ಗೊತ್ತಿತ್ತು. ಲಿಂಗಕ್ಕೆ ಎಡೆ ತೋರಿಸುವ ಮೊದಲು ಅಡುಗೆಯನ್ನು ನಾಲಿಗೆಗೆ ತಾಗಿಸುವ ಪದ್ಧತಿ ನಮ್ಮ ಮನೆಯಲ್ಲೂ ಇಲ್ಲ. ನಮ್ಮವ್ವ ವಾಸನೆ ನೋಡುತ್ತಾಳೆ, ಬಣ್ಣ ನೋಡುತ್ತಾಳೆ, ಸೌಟು ಎತ್ತಿ ಹಿಡಿದು ನೋಡುತ್ತಾಳೆ. ಬಾಯಿಗೆ ಹಾಕುವುದಿಲ್ಲ. ಕಾಲೇಜಿನ ಮೊದಲ ವರ್ಷ ನಾನೂ ರುಚಿ ನೋಡದೆ ಬೈಸಿಕೊಂಡಿದ್ದೇನೆ. ಮೊದಲ ಸಲ ಚಮಚ ಬಾಯಿಗಿಟ್ಟಾಗ ಕಳವು ಮಾಡಿದ ಹಾಗಾಗಿತ್ತು.

ಬಸಮ್ಮನವರೂ ಸೌಟು ಎತ್ತಿ ನೋಡಿದರು, ಮೂಸಿದರು, ತೃಪ್ತಿಯಾಗಿ ಮುಚ್ಚಳ ಮುಚ್ಚಿದರು.

ಇನ್ನೂ ಸಮಯ ಇತ್ತು. ಒಂದೇ ಒಂದು ಮಾತು ಸಾಕಿತ್ತು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಒಣಗಿತ್ತು. ನೇರ ಶ್ರೀಧರ ಸರ್ ಹತ್ತಿರ ಹೋದೆ.

"ಸರ್, ಟೇಬಲ್ ಮೇಲಿರೋದು ಪುಡಿ ಉಪ್ಪು. ಇವರಿಗೆಲ್ಲ ಹರಳುಪ್ಪು ರೂಢಿ. ಎಲ್ಲರಿಗೂ ಒಂದೇ ಸಲ ಅನೌನ್ಸ್ ಮಾಡಬಹುದಾ?"

ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. "ಯಾರಾದರೂ ಹಾಕಿ ಆಯ್ತಾ?"

"ಆಯ್ತು ಸರ್."

"ಹಾಗಿದ್ರೆ ಈಗ ಹೇಳೋದು ಅನೌನ್ಸ್‌ಮೆಂಟ್ ಅಲ್ಲ, ಸಹಾಯ. ಶುರು ಆಗೋ ಮುಂಚೆ ಡಬ್ಬಿ ತೆಗೆದು ನೋಡಬೇಕಿತ್ತು. ನಾನೂ ನೋಡಿಲ್ಲ, ನೀವೂ ನೋಡಿಲ್ಲ. ನಿಮ್ಮ ಜಾಗಕ್ಕೆ ಹೋಗಿ."

ಹೋದೆ. ಗಂಟೆ ಬಾರಿಸುವ ತನಕ ಆ ಮುಚ್ಚಿದ ಪಾತ್ರೆಯನ್ನೇ ನೋಡುತ್ತಾ ನಿಂತೆ. ಅಷ್ಟು ಉದ್ದದ ಹೊತ್ತನ್ನು ನಾನು ಯಾವ ಪರೀಕ್ಷಾ ಹಾಲಿನಲ್ಲೂ ಕಂಡಿಲ್ಲ.

ಬಡಿಸುವ ಮೊದಲು ಬಸಮ್ಮ ಕಣ್ಣು ಮುಚ್ಚಿ ಕೈ ಮುಗಿದರು. ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿ ಬಾಯಿಗಿಟ್ಟೆ. ಮೊದಲು ಶೇಂಗಾ, ಎಳ್ಳು, ಬದನೆಕಾಯಿಯ ಬೆಣ್ಣೆಯಂಥ ಮೆದು. ಅದರ ಹಿಂದೆಯೇ ಉಪ್ಪು, ಗಂಟಲಿನವರೆಗೆ. ರುಚಿಯ ಖಾನೆಯಲ್ಲಿ ಕಡಿಮೆ ಅಂಕ ಹಾಕಿದೆ.

ಆಮೇಲೆ ಒಳಕೋಣೆಯಲ್ಲಿ ಅಂಕಗಳನ್ನು ಹೋಲಿಸಿ ನೋಡಿದೆವು. ಎಲ್ಲ ಸರಿಯಿತ್ತು, ಒಂದು ಬಿಟ್ಟು. ಬಸಮ್ಮನವರು ಶುಚಿಯಾಗಿ ರುಚಿ ನೋಡಿದರೇ ಎಂಬಲ್ಲಿ ಸರ್ ಸೊನ್ನೆ ಹಾಕಿದ್ದರು. ನಾನು ಪೂರ್ತಿ ಹಾಕಿದ್ದೆ.

"ಅವರು ರುಚಿನೇ ನೋಡಿಲ್ಲ. ಪೂರ್ತಿ ಹೇಗೆ ಕೊಟ್ರಿ?"

ನಮ್ಮ ಮನೆಯ ಪದ್ಧತಿ ಹೇಳಿದೆ.

"ಪದ್ಧತಿ ಇರಲಿ. ನೋಡಿದ್ರೆ ಉಪ್ಪು ಗೊತ್ತಾಗ್ತಿತ್ತು ತಾನೆ?"

"ಗೊತ್ತಾಗ್ತಿತ್ತು ಸರ್. ಅದಕ್ಕೇ ರುಚಿಯಲ್ಲಿ ಕಮ್ಮಿ ಮಾಡಿದೀನಿ. ಈ ಖಾನೆ ಇರೋದು ಶುಚಿಗೆ. ಎಂಜಲು ಚಮಚ ಪಾತ್ರೆಗೆ ಹೋಗಬಾರದು ಅಂತ. ಅವರ ಪಾತ್ರೆಗೆ ಯಾವ ಚಮಚವೂ ಹೋಗಿಲ್ಲ. ಒಂದು ತಪ್ಪಿಗೆ ಎರಡು ಕಡೆ ಅಂಕ ಕಡೀಬಾರದು ಅಂತ ತರಬೇತಿಯಲ್ಲಿ ನೀವೇ ಹೇಳಿದ್ರಿ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಂಕ ಬದಲಾಯಿಸೋಕೆ ಇನ್ನೂ ಅವಕಾಶ ಇದೆ. ಈ ಅಂತರ ಇಟ್ಕೊಂಡು ಹೋದ್ರೆ ಏನಾಗಬಹುದು ಗೊತ್ತಲ್ಲ?"

ಗೊತ್ತಿತ್ತು. ಅಪ್ಪನಿಗೆ ಫೋನಿನಲ್ಲಿ 'ಇವತ್ತೇ ಕೊನೆ ಪರೀಕ್ಷೆ' ಎಂದು ಹೇಳಿ ಬಂದಿದ್ದೆ. ಪೆನ್ನು ಮೇಜಿನ ಮೇಲೇ ಇತ್ತು. ಸೊನ್ನೆ ಬರೆಯುವುದು ಎಷ್ಟು ಹೊತ್ತಿನ ಕೆಲಸ?

"ಇರಲಿ ಸರ್, ಕಾರಣ ಬರೆದು ಕೊಡ್ತೀನಿ" ಎಂದೆ. ಬರೆದು ಕೊಟ್ಟೆ. ಅವರು ಓದಿ, ಮಡಚಿ ಚೀಲಕ್ಕೆ ಹಾಕಿಕೊಂಡರು. "ಸ್ಪರ್ಧಿಗಳಿಗೆ ಅಭಿಪ್ರಾಯ ಹೇಳೋದು ನಿಮ್ಮ ಕೆಲಸ, ಹೋಗಿ" ಎಂದರು.

ಪರೀಕ್ಷೆಗೆ ನಿಂತವರ ಅಂಕ ಫಲಿತಾಂಶಕ್ಕೆ ಸೇರುವುದಿಲ್ಲ. ನನ್ನ ಅಂಕ ಲೆಕ್ಕಕ್ಕೆ ಬಂದಿದ್ದರೂ ಬಸಮ್ಮನವರಿಗೆ ಬಹುಮಾನ ಬರುತ್ತಿರಲಿಲ್ಲ. ಉಪ್ಪು ಹಾಗಿತ್ತು. ಅವರ ಮೇಜಿನ ಬಳಿ ಹೋದೆ.

"ಉಪ್ಪು ಹೆಚ್ಚಾಗಿತ್ತು ಬಸಮ್ಮನವರೇ."

"ಹೆಂಗಾಗತೈತ್ರೀ? ಮದುವಿ ಆದಾಗಿಂದ ಇದ ಹಿಡಿ ಹಾಕ್ತೀನಿ." ನಂಬದೆ ಒಂದು ಚೂರು ಬಾಯಿಗಿಟ್ಟುಕೊಂಡರು. ಅಗಿಯುವುದು ನಿಧಾನವಾಯಿತು. "ಯಾವ ಉಪ್ಪು ಇಟ್ಟಿದ್ರಿ?"

ಪುಡಿ ಉಪ್ಪಿನ ವಿಷಯ ಹೇಳಿದೆ. ಅವರು ಡಬ್ಬಿ ಎಳೆದುಕೊಂಡು ಬೆರಳಲ್ಲಿ ಉಜ್ಜಿ ನೋಡಿದರು. "ಸೊಸಿ ಉಪ್ಪು ಹೆಚ್ಚು ಮಾಡಿದಾಗೆಲ್ಲ ಬೈದೀನ್ರೀ. ಇನ್ನ ಬಾಯಿ ಬಿಡಂಗಿಲ್ಲ ನಾನು" ಎಂದು ನಕ್ಕರು. ಆಮೇಲೆ ನಗು ನಿಂತಿತು.

"ನಾ ಹಾಕುವಾಗ ನೀವು ಅಲ್ಲೇ ನಿಂತಿದ್ರಲ್ರೀ."

"ನಿಂತಿದ್ದೆ."

"ಗೊತ್ತಿತ್ತೇನು ನಿಮಗ?"

ಏನಾದರೂ ಸುತ್ತಿ ಬಳಸಿ ಹೇಳಬಹುದಿತ್ತು. "ಗೊತ್ತಿತ್ತು" ಎಂದೆ. "ಹೇಳೋ ಹಾಗಿರಲಿಲ್ಲ."

ಅವರು ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. "ಖರೇ ಐತಿ. ನನಗೊಬ್ಬಾಕಿಗೇ ಹೇಳಿದ್ರ ಉಳಿದೋರು ಸುಮ್ನ ಬಿಡ್ತಿದ್ರಾ?" ಗಂಟು ಬಿಗಿದು ಎದ್ದರು. "ಆದ್ರೂ ನಿಮ್ಮ ಕೆಲಸ ನನ್ನ ಕೈಲಿ ಆಗಂಗಿಲ್ಲ ಬಿಡ್ರೀ ತಂಗಿ. ಉಪ್ಪು ಸುರಿಯೋದು ಕಂಡು ಸುಮ್ನ ನಿಂದ್ರೋದು ಹೆಂಗ?"

ಮಂಟಪದ ಬಾಗಿಲ ತನಕ ಅವರ ಜೊತೆ ನಡೆದು ಹೋದೆ.

ಸಂಕ್ರಾಂತಿ ಹೊತ್ತಿಗೆ ಶ್ರೀಧರ ಸರ್ ಫೋನ್ ಮಾಡಿದರು. "ನನ್ನ ಸೊನ್ನೆ ಸೊನ್ನೆನೇ. ನಿಮ್ಮ ಕಾರಣ ಮಾತ್ರ ಒಪ್ಪಿದೀನಿ" ಎಂದರು. ಸರ್ಟಿಫಿಕೇಟ್ ಬಂತು. ಅಪ್ಪ ಅದನ್ನು ಕಟ್ಟು ಹಾಕಿಸಿ, ನನ್ನ ಪದವಿ ಫೋಟೋದ ಪಕ್ಕ ತೂಗುಹಾಕಿದ್ದಾನೆ. ಮನೆಗೆ ಬಂದವರಿಗೆಲ್ಲ ಓದಿ ಹೇಳು ಎಂದು ನನ್ನನ್ನೇ ಕರೆಯುತ್ತಾನೆ. ನಾನೂ ಹೆಮ್ಮೆಯಿಂದಲೇ ಓದುತ್ತೇನೆ.

ಈಗ ಎಲ್ಲಿ ತೀರ್ಪಿಗೆ ಹೋದರೂ ಒಲೆ ಹಚ್ಚುವ ಮೊದಲು ಪ್ರತಿ ಮೇಜಿನ ಉಪ್ಪಿನ ಡಬ್ಬಿ ತೆಗೆದು ನೋಡುತ್ತೇನೆ. ಹರಳು, ಪುಡಿ ಎರಡೂ ಇಡಿಸಿ, ಯಾವುದು ಯಾವುದು ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಅದೂ ಒಂದು ನಿಯಮ ಇರಬೇಕು ಎಂದು ಜನ ತಿಳಿದಿದ್ದಾರೆ. ಯಾವ ನಿಯಮದಲ್ಲೂ ಅದಿಲ್ಲ. ಅಷ್ಟು ಮಾಡಿದ ಮೇಲೂ, ಯಾರಾದರೂ ನೋಡದೆ ಡಬ್ಬಿಗೆ ಕೈ ಇಳಿಸಿದರೆ ನನ್ನ ಬಾಯಿ ಇವತ್ತಿಗೂ ಒಣಗುತ್ತದೆ.