ಹೊಗೆಯಕ್ಕ ಸ್ಟೂಲಿನಿಂದ ಎದ್ದದ್ದು

ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ ಕಟ್ಟಿದವರು ಹೊಗೆಯಕ್ಕನ ಅಂಗಡಿಯನ್ನು ಕಂಡವರಲ್ಲ. ಅಲ್ಲಿ ಕೆಸರು ಅಕ್ಕನ ಕೈಗೆ, ಮೊಸರು ಗಂಡನ ಬಾಯಿಗೆ.

ಹೊಗೆಯಲ್ಲಿ ಬೇಯಿಸಿದ ಕೋಳಿ ಮಾರುವ ಸಣ್ಣ ಅಂಗಡಿ ಅದು. ಮುಂದೆ ಗಲ್ಲಾ, ಫ್ಯಾನು, ಗಂಡ. ಹಿಂದಿನ ಅಂಗಳದಲ್ಲಿ ಕಬ್ಬಿಣದ ಡ್ರಮ್ಮು, ಸೌದೆ, ಅಕ್ಕ. ಡ್ರಮ್ಮಿನ ತಳದಲ್ಲಿ ಬೆಂಕಿ, ಮೇಲೆ ಕೊಕ್ಕೆಗೆ ತೂಗುವ ಕೋಳಿ. ಬೆಂಕಿ ಭಗ್ಗೆಂದರೆ ಕೋಳಿ ಕರಕಲು, ಆರಿದರೆ ಹಸಿ. ಹಾಗಾಗಿ ಬೆಳಗಿನಿಂದ ಮಧ್ಯಾಹ್ನದ ತನಕ ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂತು, ಜ್ವರದ ಮಗುವನ್ನು ಕಾಯುವ ಹಾಗೆ ಆ ಡ್ರಮ್ಮನ್ನು ಕಾಯಬೇಕು. ಮದುವೆಯಾಗಿ ಬಂದ ವರ್ಷವೇ ಅಕ್ಕ ಆ ಸ್ಟೂಲು ಹತ್ತಿದಳು. ಮಗಳು ಹೊಟ್ಟೆಯಲ್ಲಿದ್ದಾಗಲೂ ಅದೇ ಸ್ಟೂಲು, ಆ ಮಗಳ ಮದುವೆಯ ಹಿಂದಿನ ದಿನವೂ ಅದೇ. ಕಣ್ಣು ಸದಾ ಕೆಂಪು. ಹೊಸಬರು ನೋಡಿದರೆ, ಪಾಪ, ಮನೆಯಲ್ಲಿ ಏನೋ ಆಗಿದೆ ಎಂದುಕೊಳ್ಳುತ್ತಿದ್ದರು.

ಗಂಡನಿಗೆ ಬೀದಿಯವರು ಇಟ್ಟ ಹೆಸರು ನಾಲಿಗೆರಾಯ. ಕೋಳಿ ಇಳಿದ ಕೂಡಲೇ ಮೊದಲ ತುಂಡು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಇವತ್ತು ಹೊಗೆ ಸ್ವಲ್ಪ ಅವಸರ ಮಾಡಿದೆ" ಎಂದೋ, "ಸೌದೆ ಹಸಿ ಇತ್ತೇನೇ?" ಎಂದೋ ತೀರ್ಪು ಕೊಡುವುದು ಅವನ ಕೆಲಸ. ಅಕ್ಕನೂ ಒಂದು ತುಂಡು ತಿನ್ನುತ್ತಿದ್ದಳು. ಅವಳಿಗೆ ಕೋಳಿ ಕೋಳಿಯಂತಿತ್ತು, ಅಷ್ಟೇ. "ಹೊಗೆ ರುಚಿಯಂತೆ ಹೊಗೆ ರುಚಿ! ಎಲ್ಲಾ ಇವರ ತಲೆಯೊಳಗಿನ ಹೊಗೆ" ಎಂದು ಗೊಣಗುತ್ತಿದ್ದಳು.

ಅಂತೂ ಒಂದು ದಿನ ಡ್ರಮ್ಮಿನ ತಳ ತುಕ್ಕು ಹಿಡಿದು ಕಳಚಿಬಿತ್ತು. ಅಕ್ಕ ಆ ತುಕ್ಕಿಗೆ ಒಳಗೊಳಗೇ ಕೈಮುಗಿದಳು. ಒಲೆ ಮಾರುವವನ ಅಂಗಡಿಯಲ್ಲಿ ಸೌದೆಯ ಹೊಸ ಡ್ರಮ್ಮಿನ ಪಕ್ಕದಲ್ಲೇ ಕರೆಂಟಿನ ಪೆಟ್ಟಿಗೆಯೊಂದು ಮದುಮಗನ ಹಾಗೆ ಮಿರಮಿರ ಮಿನುಗುತ್ತಿತ್ತು.

"ಇದಕ್ಕೆ ಒಂದು ಹಿಡಿ ಮರದ ಚಕ್ಕೆ ಹಾಕಿ, ಗುಂಡಿ ತಿರುಗಿಸಿ, ಹೋಗಿ ಮಲ್ಕೊಳ್ಳಿ ಅಕ್ಕಾ" ಎಂದ ಅಂಗಡಿಯವನು.

"ಮಲ್ಕೊಂಡೋರ ಅಡುಗೆ ತಿನ್ನೋಕೆ ಯಾರು ಬರ್ತಾರೆ?" ಎಂದ ನಾಲಿಗೆರಾಯ. "ಇದು ಕೋಳಿಗೆ ಹೊಗೆ ತೋರಿಸುತ್ತೆ, ಹಿಡಿಸಲ್ಲ."

"ರೀ, ಹೊಗೆ ಹಿಡಿದಿರೋದು ನನ್ನ ಕಣ್ಣಿಗೆ. ಈ ಸಲ ಗುಂಡೀದೇ. ನಾನಿನ್ನು ಆ ಸ್ಟೂಲ್ ಮೇಲೆ ಕೂರಲ್ಲ."

"ಕೂತ್ಕೊಂಡು ಮಾಡೋ ಕೆಲಸಕ್ಕೆ ಇಷ್ಟೊಂದು ಗೋಳಾ?"

ಅಂಗಡಿಯವನು ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡ. ಅಕ್ಕ ಮಾತ್ರ ದನಿ ಏರಿಸಲಿಲ್ಲ. "ತಮ್ಮಾ, ಒಂದು ದಿನದ ಮಟ್ಟಿಗೆ ಎರಡನ್ನೂ ಕೊಡು, ನೋಡೇಬಿಡೋಣ. ಗುಂಡಿ ನಾನು ತಿರುಗಿಸ್ತೀನಿ. ಡ್ರಮ್ಮಿನ ಮುಂದೆ ಇವರು ಕೂತ್ಕೋತಾರೆ. ಕೂತ್ಕೊಂಡು ಮಾಡೋ ಕೆಲಸ ತಾನೇ!"

ಮಾರನೆಯ ದಿನ ಅಕ್ಕ ಗುಂಡಿ ತಿರುಗಿಸಿದವಳೇ ಪಕ್ಕದ ಬೀದಿಯ ತಂಗಿಯ ಮನೆಗೆ ಹೋದಳು. ಕಿಟಕಿಯ ಗಾಳಿಗೆ ಕಾಲು ಚಾಚಿ, ಯಾರ್ಯಾರದೋ ಸುದ್ದಿ ಆಡಿ, ಮಧ್ಯಾಹ್ನಕ್ಕೆ ಮರಳಿದಳು. ನೋಡಿದರೆ ನಾಲಿಗೆರಾಯನ ಕಣ್ಣು ಕೆಂಡ, ಹುಬ್ಬಿನ ಮೇಲೆ ಬೂದಿ. ಸೊಂಟ ಹಿಡಿದುಕೊಂಡು ಎದ್ದು ಎರಡೂ ಕೋಳಿ ಇಳಿಸಿದ. ಇದರದೊಂದು ತುಂಡು, ಅದರದೊಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಕಣ್ಣು ತೆರೆದ. ಮತ್ತೆ ತಿಂದ.

"ಎರಡೂ ಒಂದೇ ಕಣೇ. ಯಾವುದರಲ್ಲೂ ಹೊಗೆನೇ ಇಲ್ಲ! ಆ ಪೆಟ್ಟಿಗೆನೇ ತಗೊಳ್ಳೋಣ. ನೀನು ಹೇಳಿದ್ದೇ ಸರಿ."

ಮದುವೆಯಾದಾಗಿನಿಂದ ಕೇಳದ ಮಾತು. ಅಕ್ಕ ಗೆದ್ದ ಗತ್ತಿನಲ್ಲಿ ಪೆಟ್ಟಿಗೆಯ ತುಂಡು ತಿಂದಳು. ಮೆತ್ತಗಿತ್ತು, ಹದವಾಗಿತ್ತು. ಆಮೇಲೆ ಡ್ರಮ್ಮಿನದು. ಅಗಿಯುತ್ತಿದ್ದ ದವಡೆ ನಿಂತಿತು. ಮೊದಲು ಉಪ್ಪು, ಖಾರ. ಅವು ಸರಿದ ಮೇಲೆ, ತಡವಾಗಿ ಬಂದ ಹಿರಿಯರ ಹಾಗೆ ಹೊಗೆ ನಿಧಾನಕ್ಕೆ ಒಳಗೆ ಬಂದು ಕೂತಿತು. ನುಂಗಿದ ಮೇಲೂ ಏಳಲಿಲ್ಲ.

ಅಕ್ಕನಿಗೆ ಆಗ ಹೊಳೆಯಿತು. ಬೆಂಕಿಯ ಮುಂದೆ ಕೂತವರ ಮೂಗಿನ ತುಂಬ ಹೊಗೆ, ಇನ್ನು ತುಂಡಿನೊಳಗಿನ ಹೊಗೆ ಅವರಿಗೆ ತಿಳಿಯುವುದಾದರೂ ಹೇಗೆ? ಇಷ್ಟು ವರ್ಷ ಊರಿಗೆಲ್ಲ ಉಣಿಸಿದ್ದನ್ನು ಮಾಡಿದವಳೇ ಉಂಡಿರಲಿಲ್ಲ! ಯಾರ ಮೇಲೆ ಸಿಟ್ಟು ಮಾಡುವುದೋ ತಿಳಿಯದೆ ಡ್ರಮ್ಮಿಗೆ ಒಂದು ಒದೆ ಕೊಟ್ಟಳು.

ಈಗ ಬಾಯಿ ಮುಚ್ಚಿಕೊಂಡರೆ ಮುಗಿಯಿತು, ಪೆಟ್ಟಿಗೆ ಮನೆಗೆ, ಸ್ಟೂಲು ಒಲೆಗೆ. ಮುಚ್ಚಿಕೊಳ್ಳಲು ನೋಡಿದಳು. ಕೈ ತಾನಾಗಿಯೇ ಇನ್ನೊಂದು ತುಂಡು ಎತ್ತಿ ಬಾಯಿಗಿಟ್ಟಿತು. ಹಾಳಾದ ನಾಲಿಗೆ!

"ಡ್ರಮ್ಮೇ ಇರ್ಲಿ" ಎಂದಳು.

"ಏನಂದೆ?"

"ಡ್ರಮ್ಮೇ ಇರ್ಲಿ, ನೀವು ಕೂತ್ಕೊಳ್ಳಿ. ಗಲ್ಲಾ ನಂದು. ಮೊದಲನೇ ತುಂಡೂ ನಂದು."

"ಅಲ್ಲಿ ಕೂತ್ರೆ ನಂಗೆ ರುಚಿನೇ ಗೊತ್ತಾಗಲ್ವಲ್ಲೇ!"

"ನಂಗೆಲ್ಲಿ ಗೊತ್ತಾಗ್ತಿತ್ತು?"

ನಾಲಿಗೆರಾಯ ಹುಬ್ಬಿನ ಮೇಲಿನ ಬೂದಿ ಒರೆಸಿಕೊಂಡ. "ಸರದಿ ಮೇಲೆ ಕೂರೋಣ್ವಾ?" ಎಂದು ರಾಗ ಎಳೆದ.

"ನನ್ನ ಸರದಿ ಮುಗೀತು. ಮಗಳು ಹುಟ್ಟೋಕೂ ಮುಂಚೆ ಶುರು ಆಗಿದ್ದು, ಈಗ ಅವಳ ಮದುವೆನೂ ಆಯ್ತು."

ಸಂಜೆ ಪೆಟ್ಟಿಗೆಯನ್ನು ಮರಳಿಸಿ ಡ್ರಮ್ಮಿನ ವ್ಯಾಪಾರ ಮುಗಿಸಲು ಇಬ್ಬರೂ ಹೋದರು. ಹೊರಡುವಾಗ ನಾಲಿಗೆರಾಯ ಅಂಗಡಿಯವನ ಕಿವಿಯ ಹತ್ತಿರ ಬಾಗಿದ. "ತಮ್ಮಾ, ಬೆನ್ನಿಗೆ ಆಸರೆ ಇರೋ ಕುರ್ಚಿ ಏನಾದ್ರೂ ಇದ್ಯಾ? ಮನೇಲೊಂದು ಸ್ಟೂಲಿದೆ, ಅದರ ಮೇಲೆ ಮನುಷ್ಯರು ಕೂರೋಕಾಗಲ್ಲ."

ಬಾಗಿಲು ದಾಟಿದ್ದ ಅಕ್ಕ ತಿರುಗಿ ನಿಂತಳು.

"ಆಗಲ್ವಾ?" ಎಂದಳು.

ಅಂಗಡಿಯವನು ಮತ್ತೆ ಗೋಡೆಗೆ ಅಂಟಿಕೊಂಡ. ಪೆಟ್ಟಿಗೆ ತಂದ ಗಾಡಿ ಖಾಲಿಯಾಗಿಯೇ ಮರಳಿತು.