ಚಿಟಿಕೆಗೆ ಓಗೊಡದ ಕಿವಿ

ಬೈಲಹೊಂಗಲದ ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಬಡಿಸುವ ಬುರಾನಸಾಬರಿಗೆ ಚಿಟಿಕೆಯ ಸದ್ದು ಕೇಳಿಸುವುದಿಲ್ಲ. ಮೂಲೆಯಲ್ಲಿ ಮುರಗೋಡದ ಮುದುಕಿಯೊಬ್ಬಳು ಪಿಸುಗುಟ್ಟಿದರೂ ನೀರು ತಂದಿಡುವ ಅದೇ ಕಿವಿ, “ಏ, ಬಾ ಇಲ್ಲೆ” ಎಂದು ಚಿಟಿಕೆ ಹೊಡೆಯುವ ಸಾಹೇಬರ ಪಾಲಿಗೆ ಪೂರ್ತಿ ಕಿವುಡು. ಇದನ್ನು ಸೊಕ್ಕೆನ್ನುವವರು ಎನ್ನಲಿ. ಗಿರಾಕಿ ತಪ್ಪಿದರೆ ಕೆಲಸದಿಂದ ಬಿಡಿಸುವೆನೆಂದು ಮಾಲೀಕರು ಎಚ್ಚರಿಸಿದಾಗ ಅವರು ರೊಟ್ಟಿಯ ಬುಟ್ಟಿಯನ್ನು ಕೆಳಗಿಟ್ಟರು. “ಬಿಡಸ್ರಿ ಸಾವ್ಕಾರ. ನಾಯಿ ಕರದಂಗ ಕರದ್ರ ನಾಯಿನ ಬರಬೇಕು, ನಾ ಅಲ್ಲ.” ಮಧ್ಯಾಹ್ನದ ಗದ್ದಲ ತಗ್ಗಿದ ಮೇಲೆ ಬಡಿಸುವ ಉಳಿದವರೆಲ್ಲ ಒಲೆಯ ಬಳಿ ನಿಂತೇ ಉಣ್ಣುತ್ತಾರೆ. ಬುರಾನಸಾಬರು ಮಾತ್ರ ಬಾಗಿಲೆದುರಿನ ಮೊದಲ ಮೇಜಿಗೆ ಬಂದು, ಖಾಲಿ ತಾಟಿನ ಮುಂದೆ ನೆಟ್ಟಗೆ ಕುಳಿತುಕೊಳ್ಳುತ್ತಾರೆ. ತಾವಾಗಿ ಬಡಿಸಿಕೊಳ್ಳುವುದಿಲ್ಲ, ಯಾರನ್ನೂ ಕರೆಯುವುದೂ ಇಲ್ಲ. ಕೊನೆಗೆ ಗಲ್ಲಾಪೆಟ್ಟಿಗೆ ಬಿಟ್ಟೆದ್ದು ಬುಟ್ಟಿ ಹಿಡಿದು ಬರುವವರು ಆ ಮಾಲೀಕರೇ: “ಬುರಾನಸಾಬರ, ಬಿಸಿ ರೊಟ್ಟಿ ಹಾಕ್ಲೇನ್ರಿ?”