ಕೇಳದೆ ಬಿಟ್ಟ ಒಂದು ಮಾತು

ಇಂಗ್ಲಿಷ್ ಕಲಿಸುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ; ಕಲಿತವರ ಇಂಗ್ಲಿಷನ್ನು ನ್ಯಾಯವಾಗಿ ಅಳೆಯುವವರು ವಿರಳ. ಆ ವಿರಳರಲ್ಲಿ ಮಾನ್ಯ ಕರುಣಾಕರ ಸಾಲ್ಯಾನರಿಗೆ ಮೊದಲ ಮಣೆ ಎಂದು ಬರೆದರೆ ಅಡ್ಡಿಮಾಡುವವರೂ ಅವರೇ. ಕಾಪುವಿನ ಮೀನುಗಾರರ ಮನೆಯಲ್ಲಿ ಹುಟ್ಟಿ, ಕಾರ್ಕಳದ ಕಾಲೇಜಿನಲ್ಲಿ ಹರೆಯವನ್ನೆಲ್ಲ ಪಾಠಕ್ಕೆ ಸುರಿದು, ಆಮೇಲೆ ಮಣಿಪಾಲದ ಖಾಸಗಿ ಪರೀಕ್ಷಾ ಕೇಂದ್ರವೊಂದರಿಂದ ಚೀನಾದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳ ಇಂಗ್ಲಿಷ್ ಮಾತುಗಾರಿಕೆಯನ್ನು ವಿಡಿಯೋದಲ್ಲಿ ಪರೀಕ್ಷಿಸಿದವರು ಅವರು. ಅಳುಕಿ ಮಾತು ಕಟ್ಟಿಹೋದ ಮಕ್ಕಳಿಗೆ ನೀರು ಕುಡಿಯಲು ಹೇಳಿ, ಸಂಕೋಚವಾಗದಿರಲೆಂದು ತಾವೂ ಕ್ಯಾಮೆರಾದ ಮುಂದೆ ಒಂದು ಲೋಟ ನೀರು ಕುಡಿಯುತ್ತಿದ್ದರು.

ಆದರೆ ಲಿಯಾಂಗ್ ಮೇ ಎಂಬ ವಿದ್ಯಾರ್ಥಿನಿಯ ಸಂಗತಿ ಈ ಅಭಿನಂದನ ಸಂಪುಟದಲ್ಲಿ ಇರಲೇಬೇಕೆಂದು ಅವರು ಹಟ ಹಿಡಿದರು. ಇಲ್ಲದಿದ್ದರೆ ಶಾಲು ಹೊದೆಸಿಕೊಳ್ಳಲು ನಾಚಿಕೆಯಾಗುತ್ತದೆ ಎಂದರು.

ಆಕೆಗೆ ವಿದೇಶದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಈ ಪರೀಕ್ಷೆಯೊಂದೇ ಬಾಕಿ. ಮನೆಯ ಕಸುಬನ್ನು ಕೇಳಿದಾಗ ತಂದೆಯ ದೋಣಿ, ತಾನು ಸರಿಪಡಿಸುವ ಬಲೆ ಎಂದು ಎಲ್ಲೂ ತಡವರಿಸದೆ ಹೇಳಿದಳು. ಕೋಚಿಂಗ್ ಕ್ಲಾಸಿನಲ್ಲಿ ಕಲಿತ ದೋಣಿಯ ಕಥೆಯನ್ನು ಆ ವಾರ ಹಲವರು ಒಪ್ಪಿಸಿದ್ದರು. ಇದೂ ಬಾಯಿಪಾಠವೆಂದು ಕರುಣಾಕರರು ಸೊನ್ನೆ ಹಾಕಿದರು. ಅನುಮಾನ ಬಂದರೆ ಪಾಠದಾಚೆಯ ಒಂದು ಪ್ರಶ್ನೆ ಕೇಳಬೇಕೆಂಬ ನಿಯಮ ತಂದವರೇ ಅವರು. ಅಂದು ಕೇಳಲಿಲ್ಲ, ತಮ್ಮ ಕಿವಿಯ ಮೇಲೆ ಅವರಿಗೆ ಅಷ್ಟು ಭರವಸೆ.

ಆಕೆ ಮೇಲ್ಮನವಿ ಸಲ್ಲಿಸಿದಳು. ಮರುಪರೀಕ್ಷೆಯಲ್ಲಿ ಸಹೋದ್ಯೋಗಿ ಪ್ರಫುಲ್ಲಾ, ಹರಿದ ಬಲೆಯನ್ನು ಹೇಗೆ ಸರಿಮಾಡುತ್ತೀ ಎಂದು ಕೇಳಿದರು. ಹುಡುಗಿಗೆ ಶಬ್ದಗಳು ಕೈಕೊಟ್ಟವು. ಆದರೂ ಗಾಳಿಯಲ್ಲೇ ಬೆರಳಾಡಿಸುತ್ತ ಮುರುಕು ವಾಕ್ಯಗಳಲ್ಲಿ ಎಲ್ಲವನ್ನೂ ವಿವರಿಸಿ ಪಾಸಾದಳು. ಅಷ್ಟರಲ್ಲಿ ಸೀಟು ಬೇರೆಯವರ ಪಾಲಾಗಿತ್ತು.

ಪ್ರಫುಲ್ಲಾ ಆ ವಿಡಿಯೋ ತೋರಿಸಿ, "ಬಲೆಯ ವಿಷಯ ನಿಮಗಿಂತ ಗೊತ್ತಿರುವವರು ಇಲ್ಲಿ ಯಾರುಂಟು ಸರ್? ಒಂದು ಮಾತು ಕೇಳ್ಲಿಕ್ಕೆ ಎಂತ ಆಗಿತ್ತು?" ಎಂದರು. ಪರದೆಯ ಮೇಲಿನ ಬೆರಳುಗಳು ಕಾಪುವಿನ ಅಂಗಳದಲ್ಲಿ ಕೂತು ಬಲೆ ಸರಿಪಡಿಸುತ್ತಿದ್ದ ಅವರ ತಾಯಿಯ ಬೆರಳುಗಳಂತೆಯೇ ಓಡುತ್ತಿದ್ದವು. ಕರುಣಾಕರರಿಗೆ ತಲೆಯೆತ್ತಲಾಗಲಿಲ್ಲ. ಅಮ್ಮನ ಮಾತನ್ನೇ ಸುಳ್ಳೆಂದಂತಾಯಿತಲ್ಲ ಎಂದು ಒಳಗೊಳಗೇ ಕುಗ್ಗಿಹೋದರು.

ಕ್ಷಮೆ ಕೇಳಲು ಆಕೆಗೆ ಕರೆಮಾಡಿದರು. ಆಕೆ ಸಿಟ್ಟಾಗಲಿಲ್ಲ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವುದಾಗಿಯೂ, ಅಷ್ಟರಲ್ಲಿ ಈ ಅಂಕದ ಅವಧಿ ಮುಗಿಯುವುದರಿಂದ ಪರೀಕ್ಷೆಯನ್ನು ಹೊಸದಾಗಿ ಎದುರಿಸಬೇಕಾದೀತೆಂದೂ ಹೇಳಿ, ಬಹಳ ವಿನಯದಿಂದ ಕೇಳಿಕೊಂಡಳು: "ಆಗ ಪರೀಕ್ಷಕರು ನೀವಾಗಿರಬಾರದು ಸರ್."

ಅವಧಿ ಇನ್ನೂ ಇರುವಾಗಲೇ ಅವರು ನಿವೃತ್ತಿ ಪಡೆಯುತ್ತಿರುವುದು ಆಕೆಯ ಆ ಒಂದು ಮಾತಿಗಾಗಿ. ಹೊಸ ಪರೀಕ್ಷಕರನ್ನು ತಿದ್ದುವ ಕೆಲಸಕ್ಕೆ ಮಾತ್ರ ಒಪ್ಪಿದ್ದಾರೆ. ಆ ಕೆಲಸ ಬಹುಕಾಲ ಸಾಗಲಿ, ಅವರಿಗೆ ಆಯುರಾರೋಗ್ಯ ಕೂಡಿಬರಲಿ ಎಂದು ಹಾರೈಸುತ್ತೇವೆ. ಇನ್ನು ಯಾರಿಗೂ ಅಂಕ ಹಾಕಿರೆಂದು ಮಾತ್ರ ಅವರನ್ನು ಕೇಳುವುದಿಲ್ಲ.